ಕಾಮಕಸ್ತೂರಿ ಎಣ್ಣೆ ತೆಗೆದಾಯ್ತು. ಇದು ನಿಜವಾಗಲೂ ಕ್ರಿಮಿ ಕೊಲ್ಲುತ್ತದಾ?

ತಪ್ಪಲು ತೋಟ, ಕೊರಟಗೆರೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ಧರಬೆಟ್ಟದ ಕಡೆ. ಅರ್ಧ ಎಕರೆಯಲ್ಲಿ ಕಾಮಕಸ್ತೂರಿ ಹಾಕಿದ್ದೇನೆ. ಹಾರಕ್ಕೆ ಹೋಗುವ ಮಾಲು. ಅಂತರಸನಹಳ್ಳಿ ಮಾರ್ಕೆಟ್ಟಿಗೆ ಹಾಕುತ್ತಿದ್ದೆ. ದೀಪಾವಳಿ ಮುಗಿದ ಮೇಲೆ ಕೇಳುವವರೇ ಇಲ್ಲ. ಗಿಡ ತೆನೆ ಬಿಟ್ಟು ಸುಮ್ನೆ ನಿಂತಿತ್ತು.

ನೆಂಟರೊಬ್ಬರ ಹತ್ತಿರ ಮಜ್ಜಿಗೆ ಹುಲ್ಲಿನ ಎಣ್ಣೆ ತೆಗೆಯುವ ಹಂಡೆ ಇದೆ. 280 ಕೆಜಿ ಹಸಿ ಸೊಪ್ಪು ತುಂಬಿ ಹಬೆ ಕೊಟ್ಟೆವು. ಹೆಚ್ಚುಕಡಿಮೆ 800 ಗ್ರಾಂ ಎಣ್ಣೆ ಬಂತು. ತಿಳಿ ಹಳದಿ, ನೀರಿನ ಮೇಲೆ ತೇಲುತ್ತದೆ, ವಾಸನೆ ಮನೆ ತುಂಬ.

ಒಂದು ಲ್ಯಾಬಿಗೆ ಕಳಿಸಿದೆ. ಬಂದ ಕಾಗದದಲ್ಲಿ ಹೀಗಿದೆ: ಮೀಥೈಲ್ ಚಾವಿಕಾಲ್ ನೂರಕ್ಕೆ 70ರ ಮೇಲೆ, ಲಿನಲೂಲ್ 16, ಸಿನಿಯೋಲ್ ಚೂರು, ಯೂಜಿನಾಲ್ 1ಕ್ಕಿಂತ ಕಡಿಮೆ. ಇದರಲ್ಲಿ ನನಗೆ ಅರ್ಥ ಆಗಿದ್ದು ಅಂಕಿ ಮಾತ್ರ.

ಅಂಗಡಿಯಲ್ಲಿ ಸಿಗುವ ತುಳಸಿ ಎಣ್ಣೆ ಬಾಟಲಿ ಮೇಲೆ 'ಕ್ರಿಮಿನಾಶಕ' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಇದೂ ತುಳಸಿ ಕುಲದ್ದೇ ಅಲ್ವಾ? ನಾನೂ ಹಾಗೆ ಬರೆದು ಮಾರಬಹುದಾ? ಮನೆಯವರು ಆಗಲೇ ನೆಲ ಒರೆಸುವ ನೀರಿಗೆ ಹಾಕುತ್ತಿದ್ದಾರೆ. ಮಗನ ತೊಡೆಗೆ ಹುಳುಕಡ್ಡಿ ಆಗಿದೆ, ಅದಕ್ಕೂ ಹಚ್ಚೋಣ ಅನ್ನುತ್ತಿದ್ದಾರೆ. ತಿಳಿದವರು ಹೇಳಿ.

ಚಿಲುಮೆ ನೀರು, ತುಮಕೂರು:

ಮಗನಿಗೆ ಹಚ್ಚಬೇಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ. ಅಚ್ಚ ಎಣ್ಣೆ ತೊಡೆ ಸಂದಿಗೆ ಬಿದ್ದರೆ ಉರಿಯಿಂದ ಕುಣಿಯುತ್ತಾನೆ. ಹುಳುಕಡ್ಡಿಗೆ ಚರ್ಮದ ಡಾಕ್ಟರ ಮುಲಾಮು ಇದೆ.

ಬೋರ್‌ವೆಲ್ ಭಕ್ತ, ಬಂಗಾರಪೇಟೆ:

ಎಲ್ಲಾ ಬಿಸಿನೆಸ್ ಸ್ವಾಮಿ. ವಾಸನೆ ಬಂದರೆ ಕ್ರಿಮಿ ಸತ್ತಿತು ಅಂತ ಜನ ನಂಬುತ್ತಾರೆ. ನೀವೂ ಲೇಬಲ್ ಹಚ್ಚಿ, ಮಾರಿ.

ಸೀಮೆಸುಣ್ಣ ಮೇಷ್ಟ್ರು, ಮಧುಗಿರಿ:

ನಾನು ರಸಾಯನ ಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ತಪ್ಪಲು ತೋಟದವರೇ, ನಿಮ್ಮ ಕಾಗದ ತುಂಬಾ ಚೆನ್ನಾಗಿದೆ. ಉತ್ತರ ಅದರಲ್ಲೇ ಇದೆ. ಆದರೆ ಮೊದಲು ಮೂಗಿನಿಂದ ಶುರು ಮಾಡೋಣ.

ಒಂದು ಎಲೆ ಹಿಸುಕಿ ಮೂಸಿ ನೋಡಿ. ಎಲೆ ಮೇಲೆ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಗುಳ್ಳೆಗಳಿವೆ. ಎಣ್ಣೆ ಇರುವುದು ಅವುಗಳೊಳಗೆ. ಹಿಸುಕಿದಾಗ ಒಡೆಯುತ್ತವೆ. ನಿಮ್ಮದು ಸೋಂಪಿನ ಹಾಗೆ ಸಿಹಿ ವಾಸನೆ ಬರುತ್ತಿರಬೇಕು. ಅದೇ ಮೀಥೈಲ್ ಚಾವಿಕಾಲ್. ಎಸ್ಟ್ರಗೋಲ್ ಅಂತಲೂ ಕರೆಯುತ್ತಾರೆ. ಇದಕ್ಕೂ ಸೋಂಪಿನ ಅನೆಥೋಲ್‌ಗೂ ಪರಮಾಣುಗಳ ಲೆಕ್ಕ ಒಂದೇ: ಕಾರ್ಬನ್ 10, ಹೈಡ್ರೋಜನ್ 12, ಆಕ್ಸಿಜನ್ 1. ಬಾಲದಲ್ಲಿ ಒಂದು ಜೋಡಿ ಬಂಧ ಜಾಗ ಬದಲಿಸಿದೆ, ಅಷ್ಟೇ. ಕಾರ್ಖಾನೆಗಳಲ್ಲಿ ಇದನ್ನೇ ಅನೆಥೋಲ್ ಮಾಡಿಕೊಳ್ಳುತ್ತಾರೆ.

ಈಗ ಅಂಗಳದ ಕಟ್ಟೆಯ ತುಳಸಿ ಎಲೆ ಹಿಸುಕಿ. ಲವಂಗದ ಘಾಟು ಬಂದರೆ ಅದು ಯೂಜಿನಾಲ್. ಹಲ್ಲು ನೋವಿಗೆ ಲವಂಗದ ಎಣ್ಣೆ ಹತ್ತಿ ಇಟ್ಟುಕೊಂಡಿದ್ದೀರಲ್ಲ, ಅಲ್ಲಿ ಕೆಲಸ ಮಾಡುವುದೂ ಅದೇ. ಲಿನಲೂಲ್ ಹೇಗಿರುತ್ತದೆ ಅಂದರೆ, ಕೊತ್ತಂಬರಿ ಬೀಜವನ್ನು ಹುರಿಯದೆ ಹಸಿಯಾಗಿ ಕುಟ್ಟಿ ನೋಡಿ. ಕೆಲವು ತುಳಸಿಗೆ ಕರ್ಪೂರದ ವಾಸನೆ. ಇನ್ನು ಕೆಲವಕ್ಕೆ ಮಜ್ಜಿಗೆ ಹುಲ್ಲಿನ ವಾಸನೆ, ಅದು ಸಿಟ್ರಾಲ್.

ಕಾಮಕಸ್ತೂರಿ, ಅಂದರೆ ಆಸಿಮಮ್ ಬೆಸಿಲಿಕಮ್, ಒಂದೇ ಜಾತಿ. ಆದರೂ ಒಂದು ತಳಿಯಲ್ಲಿ ಲಿನಲೂಲ್ ಜಾಸ್ತಿ, ಇನ್ನೊಂದರಲ್ಲಿ ಮೀಥೈಲ್ ಚಾವಿಕಾಲ್, ಮತ್ತೊಂದರಲ್ಲಿ ಮೀಥೈಲ್ ಸಿನಮೇಟ್, ಕೆಲವದರಲ್ಲಿ ಯೂಜಿನಾಲ್. ಇದಕ್ಕೆ ಕೀಮೋಟೈಪ್ ಅನ್ನುತ್ತಾರೆ. ಬಾದಾಮಿ, ರಸಪುರಿ, ತೋತಾಪುರಿ ಮೂರೂ ಮಾವೇ. ಆದರೆ ಉಪ್ಪಿನಕಾಯಿಗೆ ಬಾದಾಮಿ ಹಾಕಲ್ಲ ಅಲ್ವಾ? ಹಾಗೆ. 'ತುಳಸಿ ಎಣ್ಣೆ' ಅಂತ ಬಾಟಲಿ ಮೇಲೆ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ಯಾವ ತುಳಸಿ, ಅದರಲ್ಲಿ ಯಾವುದು ಎಷ್ಟು, ಅದನ್ನು ಹೇಳಬೇಕು.

ಇನ್ನು ಕ್ರಿಮಿ ವಿಷಯ. ಚಾವಿಕಾಲ್ ಅನ್ನುವ ಹೆಸರು ಬಂದದ್ದು ವೀಳ್ಯದೆಲೆಯಿಂದ. ಆ ಬಳ್ಳಿಗೆ ಹಿಂದೆ ಚಾವಿಕಾ ಅನ್ನುವ ಹೆಸರಿತ್ತು. ಚಾವಿಕಾಲ್ ಒಂದು ಫೀನಾಲ್. ಬೆಂಜೀನ್ ಉಂಗುರಕ್ಕೆ ನೇರವಾಗಿ ಆಕ್ಸಿಜನ್-ಹೈಡ್ರೋಜನ್ ಜೋಡಿ ಅಂಟಿಕೊಂಡಿರುತ್ತದೆ. ಡೆಟಾಲ್‌ನೊಳಗಿನ ಕ್ಲೋರೋಕ್ಸೈಲೆನಾಲ್, ಓಮದ ಥೈಮಾಲ್, ಲವಂಗದ ಯೂಜಿನಾಲ್, ಎಲ್ಲವೂ ಇದೇ ಮನೆತನ. ಆ ಜೋಡಿಯೇ ಇವುಗಳ ಕತ್ತಿ. ಕಾಮಕಸ್ತೂರಿ ಗಿಡ ಏನು ಮಾಡುತ್ತದೆ? ಆ ಹೈಡ್ರೋಜನ್ ತೆಗೆದು ಅಲ್ಲಿ ಒಂದು ಮೀಥೈಲ್ ಗುಂಪು ಕೂರಿಸುತ್ತದೆ. ಕತ್ತಿಗೆ ಒರೆ ಹಾಕಿದ ಹಾಗೆ. ಪರಿಮಳ ಹೆಚ್ಚಿತು, ಹರಿತ ಹೋಯಿತು. ನಿಮ್ಮ ಎಣ್ಣೆಯ 70 ಪಾಲು ಒರೆಯಲ್ಲಿರುವ ಕತ್ತಿ.

ತಪ್ಪಲು ತೋಟ, ಕೊರಟಗೆರೆ:

ಮೇಷ್ಟ್ರೇ, ಹೊಟ್ಟೆ ಉರಿಸಿದಿರಿ. ಆದರೆ ಅರ್ಥ ಆಯಿತು. ಎಲೆ ಹಿಸುಕಿ ನೋಡಿದೆ. ಹೌದು, ಸೋಂಪೇ. ಇಷ್ಟು ದಿನ ಹಾರ ಕಟ್ಟಿದರೂ ಹೊಳೆದಿರಲಿಲ್ಲ.

ಬಿಲ್ಲೆ ಬೀರುವಾಕೆ, ತುಮಕೂರು:

ಮೇಷ್ಟ್ರು ಹೇಳಿದ್ದನ್ನೇ ನಾನು ತಟ್ಟೆಯಲ್ಲಿ ನೋಡಿದ್ದೇನೆ. ಎಂಎಸ್ಸಿ ಸೂಕ್ಷ್ಮಜೀವಿ ಶಾಸ್ತ್ರ ಓದುವಾಗ ನನ್ನ ಪ್ರಾಜೆಕ್ಟ್ ಇದೇ. ಅಂಗಳದ ತುಳಸಿ ಎಣ್ಣೆ ಮತ್ತು ಕಾಮಕಸ್ತೂರಿ ಎಣ್ಣೆ, ಎರಡನ್ನೂ ಹೋಲಿಸುವುದು.

ಮೊದಲ ಸಲ ಮಾಡಿದಾಗ ಎಲ್ಲಾ ತಟ್ಟೆಯಲ್ಲೂ ಚೆಂದದ ವೃತ್ತ ಬಂದಿತ್ತು. ಖುಷಿಯಿಂದ ಫೋಟೋ ತೆಗೆದು ಮನೆಗೆಲ್ಲ ಕಳಿಸಿದ್ದೆ. ನಮ್ಮ ಗೈಡ್ ತಟ್ಟೆ ಬೆಳಕಿಗೆ ಹಿಡಿದು ಕೇಳಿದ್ದು ಒಂದೇ ಮಾತು: ಕಂಟ್ರೋಲ್ ಎಲ್ಲಿ? ಎಣ್ಣೆ ನೀರಿಗೆ ಸೇರಲ್ಲ ಅಂತ ಆಲ್ಕೋಹಾಲ್‌ನಲ್ಲಿ ಕರಗಿಸಿದ್ದೆ. ಬರೀ ಆಲ್ಕೋಹಾಲ್ ಹಾಕಿದ ಗುಂಡಿ ಇಟ್ಟಿರಲಿಲ್ಲ. ಮಾರನೇ ದಿನ ಇಟ್ಟು ನೋಡಿದರೆ ಅದೂ ವೃತ್ತ ಬಿಟ್ಟಿತ್ತು! ಎರಡು ತಿಂಗಳ ಕೆಲಸ ತೊಟ್ಟಿಗೆ. ಆ ಸಂಜೆ ಬಸ್ ಸ್ಟ್ಯಾಂಡ್‌ನಲ್ಲಿ ಕೂತು ಅತ್ತಿದ್ದೂ ಇದೆ.

ಎರಡನೇ ಸಲ ಸರಿಯಾಗಿ ಮಾಡಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಗಾರ್ ತಟ್ಟೆ ಮೇಲೆ ಬ್ಯಾಕ್ಟೀರಿಯಾ ಸವರುತ್ತೇವೆ. ಎಣ್ಣೆ ಹೀರಿದ 6 ಮಿಮೀ ಕಾಗದದ ಬಿಲ್ಲೆ ನಡುವೆ ಇಡುತ್ತೇವೆ. 37 ಡಿಗ್ರಿಯಲ್ಲಿ ಒಂದು ರಾತ್ರಿ. ಬೆಳಗ್ಗೆ ತಟ್ಟೆ ತುಂಬ ಮಂಜು ಕವಿದ ಹಾಗೆ ಬೆಳೆದಿರುತ್ತದೆ. ಬಿಲ್ಲೆ ಸುತ್ತ ಮಾತ್ರ ತಿಳಿಯಾದ ವೃತ್ತ. ಅದರ ಅಗಲ ಅಳೆಯುತ್ತೇವೆ. ಅಳತೆಯಲ್ಲಿ ಬಿಲ್ಲೆಯೂ ಸೇರಿರುತ್ತದೆ. ಹಾಗಾಗಿ ಯಾರಾದರೂ 'ವೃತ್ತ 6 ಮಿಮೀ ಬಂತು' ಅಂದರೆ ಏನೂ ಬರಲಿಲ್ಲ ಅಂತ ಅರ್ಥ. ನಗಬೇಡಿ, ಹಾಗೆ ಬರೆದವರನ್ನು ನೋಡಿದ್ದೇನೆ.

ಕೀವು ಮಾಡುವ ಸ್ಟೆಫಿಲೋಕಾಕಸ್ ಮೇಲೆ ತುಳಸಿ ಎಣ್ಣೆಗೆ ಒಳ್ಳೆಯ ವೃತ್ತ ಬಂತು, ಕಾಮಕಸ್ತೂರಿಗೆ ಸಣ್ಣದು. ಇ-ಕೋಲಿ ಮೇಲೆ ಎರಡೂ ಮಂಕು. ಸ್ಯೂಡೋಮೊನಾಸ್ ಅಂತೂ ಬಿಲ್ಲೆಯ ಅಂಚಿನವರೆಗೆ ಬಂದು ಕೂತಿತ್ತು. ಕಾರಣ ಇದೆ. ಸ್ಟೆಫಿಲೋಕಾಕಸ್ 'ಗ್ರಾಂ ಪಾಸಿಟಿವ್' ಅನ್ನುವ ಬಗೆಯ ಬ್ಯಾಕ್ಟೀರಿಯಾ. ಅದರ ಗೋಡೆ ದಪ್ಪ ಇದ್ದರೂ ಸಂದು ಜಾಸ್ತಿ, ಎಣ್ಣೆ ಒಳಗಿನ ಪೊರೆಯ ತನಕ ಹೋಗುತ್ತದೆ. ಪೊರೆ ಕೊಬ್ಬಿನದು, ಎಣ್ಣೆ ಅದರಲ್ಲಿ ಕರಗಿ ತೂತು ಬೀಳಿಸುತ್ತದೆ. ಒಳಗಿದ್ದ ಪೊಟ್ಯಾಶಿಯಂ ಸೋರಿ ಹೋಗುತ್ತದೆ. ಇ-ಕೋಲಿ, ಸ್ಯೂಡೋಮೊನಾಸ್ ಇನ್ನೊಂದು ಬಗೆ, 'ಗ್ರಾಂ ನೆಗೆಟಿವ್'. ಅವಕ್ಕೆ ಮನೆ ಗೋಡೆಯ ಹೊರಗೆ ಇನ್ನೊಂದು ಕಾಂಪೌಂಡ್ ಇದೆ. ಸ್ಯೂಡೋಮೊನಾಸ್ ಇನ್ನೂ ಗಟ್ಟಿಗ, ಒಳಗೆ ಬಂದದ್ದನ್ನು ಪಂಪ್ ಹಾಕಿ ಹೊರಗೆ ಎತ್ತುತ್ತದೆ.

ಇನ್ನೊಂದು ಮಾತು. ವೃತ್ತ ನೋಡಿ 'ಕೊಂದಿತು' ಅನ್ನೋಕಾಗಲ್ಲ. ಬೆಳೆಯಲು ಬಿಡಲಿಲ್ಲ ಅಷ್ಟೇ. ಎಣ್ಣೆ ಅಗಾರ್‌ನಲ್ಲಿ ಸರಿಯಾಗಿ ಹರಡುವುದೂ ಇಲ್ಲ, ಅರ್ಧ ಆವಿಯಾಗುತ್ತದೆ. ಅದಕ್ಕೇ 96 ಗುಂಡಿಯ ತಟ್ಟೆಯಲ್ಲಿ ಎಣ್ಣೆಯನ್ನು ಅರ್ಧಕ್ಕರ್ಧ ತೆಳು ಮಾಡುತ್ತಾ ಹೋಗುತ್ತೇವೆ. ಕೊನೆಗೆ ರೆಸಜುರಿನ್ ಅನ್ನುವ ನೀಲಿ ಬಣ್ಣದ ಒಂದೊಂದು ಹನಿ. ಜೀವ ಇದ್ದ ಗುಂಡಿ ಗುಲಾಬಿ ಆಗುತ್ತದೆ. ನೀಲಿಯಾಗೇ ಉಳಿದ ಕಟ್ಟಕಡೆಯ ಗುಂಡಿ ಯಾವುದೋ ಅದು ಬೇಕಾದ ಕನಿಷ್ಠ ಪ್ರಮಾಣ. ಸತ್ತಿದೆಯಾ ಅಂತ ತಿಳಿಯಲು ಆ ನೀಲಿ ಗುಂಡಿಯ ಹನಿಯನ್ನು ಹೊಸ ತಟ್ಟೆಗೆ ಸವರಿ ಮತ್ತೆ ಕಾಯಬೇಕು. ಎಷ್ಟೋ ಸಲ ನೀಲಿ ಗುಂಡಿಯಿಂದಲೂ ಮತ್ತೆ ಎದ್ದು ಬರುತ್ತವೆ.

ಅಮ್ಮನ ಕೈರುಚಿ, ಗೌರಿಬಿದನೂರು:

ಹಾಗಾದರೆ ತೀರ್ಥದಲ್ಲಿ ತುಳಸಿ ಹಾಕುವುದು ಕ್ರಿಮಿ ಸಾಯಲಿ ಅಂತ ಅಲ್ವಾ? ನಮ್ಮ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಮ್ಮೆ ಬರುತ್ತದೆ.

ಸೀಮೆಸುಣ್ಣ ಮೇಷ್ಟ್ರು, ಮಧುಗಿರಿ:

ಲೆಕ್ಕ ಹಾಕೋಣ ತಾಯಿ. ಹತ್ತು ಎಲೆ ಅಂದರೆ ಸುಮಾರು 1 ಗ್ರಾಂ ಇಟ್ಟುಕೊಳ್ಳಿ. ಹಸಿ ಎಲೆಯಲ್ಲಿ ಎಣ್ಣೆ ನೂರಕ್ಕೆ 0.3 ಇದ್ದರೆ 3 ಮಿಲಿಗ್ರಾಂ. ಅಷ್ಟೂ ನೀರಿಗೆ ಇಳಿಯಿತು ಅಂದುಕೊಳ್ಳಿ. ನಿಜಕ್ಕೂ ಇಳಿಯಲ್ಲ, ಗುಳ್ಳೆಯೊಳಗೇ ಇರುತ್ತದೆ. ಇರಲಿ. 200 ಮಿಲಿ ಪಂಚಪಾತ್ರೆಗೆ 3 ಮಿಲಿಗ್ರಾಂ, ಅಂದರೆ ಒಂದು ಮಿಲಿಗೆ 0.015 ಮಿಲಿಗ್ರಾಂ. ಯೂಜಿನಾಲ್ ಬ್ಯಾಕ್ಟೀರಿಯಾ ತಡೆಯಬೇಕಾದರೆ ಒಂದು ಮಿಲಿಗೆ ಸುಮಾರು ಅರ್ಧ ಮಿಲಿಗ್ರಾಂ, ಇಲ್ಲವೇ ಇನ್ನೂ ಜಾಸ್ತಿ ಬೇಕು. ಮೂವತ್ತು ಪಟ್ಟು ಕಡಿಮೆ ಬಿತ್ತು. ತೀರ್ಥ ತಗೊಳ್ಳಿ, ನಾನೂ ತಗೊಳ್ಳುತ್ತೇನೆ. ಕುಡಿಯುವ ನೀರನ್ನು ಮಾತ್ರ ಕುದಿಸಿ.

ಅಮ್ಮನ ಕೈರುಚಿ, ಗೌರಿಬಿದನೂರು:

ಈ ಲೆಕ್ಕ ಆ ಗುಂಪಿಗೆ ಹಾಕಿದೆ. ಇಬ್ಬರು ಗುಂಪು ಬಿಟ್ಟು ಹೋದರು.

ಕಾಯಿ ಕಟ್ಟಿದ ಮರ, ಶ್ರೀನಿವಾಸಪುರ:

ನಮ್ಮ ಮಾವಿನ ತೋಟದವರಿಗೆ ಯೂಜಿನಾಲ್‌ನ ಒಬ್ಬ ನೆಂಟ ಗೊತ್ತು: ಮೀಥೈಲ್ ಯೂಜಿನಾಲ್. ಹಣ್ಣು ನೊಣದ ಡಬ್ಬಿಗೆ ಹಾಕುವ ಔಷಧಿ ಅದೇ. ಡಬ್ಬಿ ಬರುವ ಮುಂಚೆ ನಮ್ಮಪ್ಪ ತೆಂಗಿನ ಚಿಪ್ಪಿನಲ್ಲಿ ತುಳಸಿ ಎಲೆ ಜಜ್ಜಿ, ಒಂಚೂರು ವಿಷ ಬೆರೆಸಿ ಕೊಂಬೆಗೆ ನೇತು ಹಾಕುತ್ತಿದ್ದರು. ಮಧ್ಯಾಹ್ನದೊಳಗೆ ಚಿಪ್ಪಿನ ತುಂಬ ನೊಣ. ಬರುವುದು ಗಂಡು ಮಾತ್ರ. ಗಂಡೆಲ್ಲ ಸತ್ತರೆ ಹೆಣ್ಣು ಇಟ್ಟ ಮೊಟ್ಟೆ ಜೊಳ್ಳು. ಆದರೆ ಎಲ್ಲಾ ತುಳಸಿಗೂ ಬರುತ್ತಿರಲಿಲ್ಲ. ಹಿತ್ತಲ ಮೂಲೆಯ ಒಂದು ಗಿಡದ ಎಲೆಯೇ ಆಗಬೇಕಿತ್ತು. ಅದು ಯಾಕೆ ಅಂತ ಇವತ್ತು ಗೊತ್ತಾಯಿತು.

ಸೀಮೆಸುಣ್ಣ ಮೇಷ್ಟ್ರು, ಮಧುಗಿರಿ:

ಆಹಾ, ಆ ಗಿಡ ಮೀಥೈಲ್ ಯೂಜಿನಾಲ್ ಬಗೆಯದ್ದು ಇರಬೇಕು! ಇದನ್ನು ಕಂಡುಹಿಡಿದದ್ದೂ ನಮ್ಮ ದೇಶದಲ್ಲೇ, ಬಿಹಾರದ ಪೂಸಾದಲ್ಲಿ. ಹೌಲೆಟ್ ಅನ್ನುವ ಕೀಟ ತಜ್ಞ ಅಲ್ಲಿದ್ದ. ಸೊಳ್ಳೆ ಬರದಿರಲಿ ಅಂತ ಕರವಸ್ತ್ರಕ್ಕೆ ಸಿಟ್ರೊನೆಲ್ಲ ಎಣ್ಣೆ ಹಚ್ಚಿಕೊಂಡವರಿಗೆ ಹಣ್ಣು ನೊಣ ಮುತ್ತಿದ್ದೇ ಶುರು. ಎಳೆ ಹಿಡಿದು ಹೋಗಿ 1915ರಲ್ಲಿ ಅದು ಮೀಥೈಲ್ ಯೂಜಿನಾಲ್ ಅಂತ ಬರೆದ.

ಆದರೆ ಇದೇ ಮೀಥೈಲ್ ಯೂಜಿನಾಲ್ ಇರುವ ಎಣ್ಣೆಯನ್ನು ಯಾರೂ ಚಮಚದಲ್ಲಿ ಕುಡಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರಲ್ಲಿ ಇದನ್ನು 2ಎ ಗುಂಪಿಗೆ ಹಾಕಿತು. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಹೆಚ್ಚು. ತಪ್ಪಲು ತೋಟದವರ ಎಣ್ಣೆಯ ಮೀಥೈಲ್ ಚಾವಿಕಾಲ್ ಕೂಡ ಇಲಿಗಳಿಗೆ ಜಾಸ್ತಿ ಕೊಟ್ಟಾಗ ಲಿವರ್‌ನಲ್ಲಿ ಗೆಡ್ಡೆ ಬರಿಸಿದೆ. ಸಾರಿಗೆ ನಾಲ್ಕು ಎಲೆ ಹಾಕುವುದಕ್ಕೂ ಎಣ್ಣೆಯ ಹನಿ ನುಂಗುವುದಕ್ಕೂ ಅಜಗಜಾಂತರ.

ಗೂಡಿನ ರೇಷ್ಮೆ, ಶಿಡ್ಲಘಟ್ಟ:

ನನ್ನದೊಂದು ಪ್ರಶ್ನೆ. ಹುಳು ಮನೆ ತೊಳೆಯಲು ಬ್ಲೀಚಿಂಗ್ ಪುಡಿ, ಸುಣ್ಣ ಬಳಸುತ್ತೇವೆ. ಘಾಟು ತಡೆಯೋಕಾಗಲ್ಲ. ಅದರ ಬದಲು ತುಳಸಿ ಎಣ್ಣೆ ಸಿಂಪಡಿಸಿದರೆ?

ಬಿಲ್ಲೆ ಬೀರುವಾಕೆ, ತುಮಕೂರು:

ದಯವಿಟ್ಟು ಬೇಡ. ತುಳಸಿ ಎಣ್ಣೆ ಕೀಟಗಳಿಗೂ ವಿಷ, ರೇಷ್ಮೆ ಹುಳುವೂ ಕೀಟವೇ. ಹಾಲು ತೊಂಡೆಯಂಥ ರೋಗಕ್ಕೆ ಕಾರಣ ವೈರಸ್. ಅದು ಹುಳುವಿನೊಳಗೆ ಗಟ್ಟಿ ಹರಳಿನಲ್ಲಿ ಅಡಗಿರುತ್ತದೆ, ಈ ಎಣ್ಣೆಗೆಲ್ಲ ಜಗ್ಗಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬ್ಲೀಚಿಂಗ್ ಪುಡಿಯನ್ನೇ ಹಾಕಿ.

ಕೆಂಪು ಹಣ್ಣು, ಚಿಂತಾಮಣಿ:

ಟೊಮೆಟೊಗೆ ಹೊಡೆಯುವ ಯೋಚನೆ ಯಾರಿಗಾದರೂ ಇದ್ದರೆ ನನ್ನ ಕಥೆ ಕೇಳಿ. ಬೆಂಕಿ ರೋಗಕ್ಕೆ ತುಳಸಿ ಎಣ್ಣೆ ಒಳ್ಳೆಯದು ಅಂತ ಒಬ್ಬರು ಹೇಳಿದರು. ಹದಿನೈದು ಲೀಟರ್ ಕ್ಯಾನಿಗೆ ಅಂದಾಜಿನ ಮೇಲೆ ಸುರಿದೆ. ಎಣ್ಣೆ ನೀರಿಗೆ ಸೇರಲಿಲ್ಲ, ಮೇಲೆ ತೇಲುತ್ತಿತ್ತು. ಮೊದಲ ಸಾಲಿಗೆಲ್ಲ ಬರೀ ನೀರು ಹೋಯಿತು. ಕ್ಯಾನು ಖಾಲಿಯಾಗುತ್ತಾ ಬಂದಾಗ ಬರೀ ಎಣ್ಣೆ. ಕೊನೆಯ ಎರಡು ಸಾಲು ಮಾರನೇ ಬೆಳಗ್ಗೆ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ ಕಂದಿತ್ತು. ಮೊದಲ ಸಾಲಿನಲ್ಲಿ ರೋಗ ಹಾಗೇ ಇತ್ತು. ಬ್ಯಾಕ್ಟೀರಿಯಾದ ಪೊರೆ ಕರಗಿಸುವ ಎಣ್ಣೆ ಎಲೆಯ ಪೊರೆಯನ್ನು ಬಿಡುತ್ತದಾ?

ಚಿಲುಮೆ ನೀರು, ತುಮಕೂರು:

ಬೆರೆಸುವ ಸೋಪಿನ ದ್ರಾವಣ ಹಾಕಿದ್ದರೂ ಡೋಸ್ ಜಾಸ್ತಿ ಆದರೆ ಎಲೆ ಸುಡುತ್ತದೆ. ಕುರುಬೂರು ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ ಅಲ್ವಾ, ಮುಂದಿನ ಸಲ ಕೇಳಿಯೇ ಹೊಡೆಯಿರಿ.

ತಪ್ಪಲು ತೋಟದವರೇ, ನಿಮ್ಮ ಲೇಬಲ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ರೋಗ ವಾಸಿ ಮಾಡುತ್ತದೆ ಅಂತ ಬರೆದರೆ ಅದು ಔಷಧಿ. 1940ರ ಔಷಧ ಕಾಯ್ದೆಯಲ್ಲಿ ಲೈಸೆನ್ಸ್ ಬೇಕು, ಆಯುರ್ವೇದಕ್ಕೂ ಬೇಕು. ಬೆಳೆಯ ಹುಳ ಕೊಲ್ಲುತ್ತದೆ ಅಂತ ಬರೆದರೆ 1968ರ ಕೀಟನಾಶಕ ಕಾಯ್ದೆ. ಪರಿಮಳದ ಎಣ್ಣೆ ಅಂತ ಸಗಟು ವ್ಯಾಪಾರಿಗೆ ಕೊಡುವುದು ನಿಮಗೆ ಸುಲಭ. ನಿಮ್ಮ ಲ್ಯಾಬ್ ಕಾಗದಕ್ಕೆ ಅಲ್ಲೇ ಬೆಲೆ. ಅವರು ಕೇಳುವುದೇ ಮೀಥೈಲ್ ಚಾವಿಕಾಲ್ ಎಷ್ಟು, ಲಿನಲೂಲ್ ಎಷ್ಟು ಅಂತ.

ತಪ್ಪಲು ತೋಟ, ಕೊರಟಗೆರೆ:

ಇದು ಸರಿ ಅನಿಸಿತು. ಹಾಗಾದರೆ ಯೂಜಿನಾಲ್ ಬರುವ ಗಿಡ ಬೇಕಾದರೆ ಏನು ಹಾಕಬೇಕು? ಒಂದು ಕಾಲೆಕರೆ ನೋಡೋಣ ಅಂತ.

ಸೀಮೆಸುಣ್ಣ ಮೇಷ್ಟ್ರು, ಮಧುಗಿರಿ:

ಲಖನೌದಲ್ಲಿ ಔಷಧಿ, ಸುಗಂಧ ಗಿಡಗಳ ಮೇಲೆ ಕೆಲಸ ಮಾಡುವ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಮ್ಯಾಪ್ ತಳಿ ಬಿಟ್ಟಿದೆ. ಸಿಮ್-ಆಯು ಅನ್ನುವ ತುಳಸಿಯಲ್ಲಿ ಯೂಜಿನಾಲ್ ತುಂಬಾ ಜಾಸ್ತಿ. ಸಿಮ್-ಕಾಂಚನ ಮೀಥೈಲ್ ಯೂಜಿನಾಲ್‌ಗೆ, ಶ್ರೀನಿವಾಸಪುರದವರು ಕೇಳಿಸಿಕೊಳ್ಳಿ. ಸಿಮ್-ಸೌಮ್ಯ ನಿಮ್ಮ ಕಾಮಕಸ್ತೂರಿಯ ಕಡೆಯದ್ದು, ಬೇಗ ಕೊಯ್ಲಿಗೆ ಬರುತ್ತದೆ. ಅವರ ಕೇಂದ್ರ ಬೆಂಗಳೂರಿನ ಅಳ್ಳಾಳಸಂದ್ರದಲ್ಲೂ ಇದೆ. ಬೀಜ ಅಲ್ಲಿ ವಿಚಾರಿಸಿ. ಎರಡು ತಳಿ ಪಕ್ಕಪಕ್ಕ ಹಾಕಿ ಅದರದೇ ಬೀಜ ಹಿಡಿಯಬೇಡಿ. ಜೇನು ಬೆರಕೆ ಮಾಡಿಬಿಡುತ್ತದೆ.

ಹಂಡೆ ವಿಷಯದಲ್ಲಿ ಒಂದು ಎಚ್ಚರ. ಯೂಜಿನಾಲ್ ಕುದಿಯುವುದು 254 ಡಿಗ್ರಿಗೆ, ಲಿನಲೂಲ್ 198ಕ್ಕೆ. ಹಬೆಯಲ್ಲೂ ಯೂಜಿನಾಲ್ ನಿಧಾನಕ್ಕೆ ಬರುತ್ತದೆ. ಕಾಮಕಸ್ತೂರಿಗೆ ಕೊಟ್ಟಷ್ಟೇ ಹೊತ್ತು ಕೊಟ್ಟು ಒಲೆ ಆರಿಸಿದರೆ ಬೇಕಾದ್ದು ಸೊಪ್ಪಿನಲ್ಲೇ ಉಳಿಯುತ್ತದೆ. ಜೊತೆಗೆ ಅದು ನೀರಿಗಿಂತ ಭಾರ, ಸಾಂದ್ರತೆ 1.06. ನಿಮ್ಮ ಎಣ್ಣೆ ಮೇಲೆ ತೇಲಿತು, ಸೌಟಿನಲ್ಲಿ ಎತ್ತಿದಿರಿ. ಯೂಜಿನಾಲ್ ಜಾಸ್ತಿ ಇದ್ದಷ್ಟೂ ಎಣ್ಣೆ ನೀರಿನ ತೂಕಕ್ಕೆ ಹತ್ತಿರ ಬಂದು ಹಾಲಿನ ಹಾಗೆ ಕಲಕಿಕೊಳ್ಳುತ್ತದೆ. ಆ ನೀರು ಚೆಲ್ಲಬೇಡಿ. ಮತ್ತೆ ಹಂಡೆಗೇ ಹಾಕಿ.

ತಪ್ಪಲು ತೋಟ, ಕೊರಟಗೆರೆ:

ನಾವು ಆ ನೀರನ್ನೆಲ್ಲ ತೆಂಗಿನ ಬುಡಕ್ಕೆ ಹಾಕಿದೆವು!

ಬಿಲ್ಲೆ ಬೀರುವಾಕೆ, ತುಮಕೂರು:

ಹೋಗಲಿ ಬಿಡಿ. ಎಣ್ಣೆ ಯಾವುದರಲ್ಲಿ ಇಟ್ಟಿದ್ದೀರಿ?

ತಪ್ಪಲು ತೋಟ, ಕೊರಟಗೆರೆ:

ಪ್ಲಾಸ್ಟಿಕ್ ಬಾಟಲಿಯಲ್ಲಿ, ಕಿಟಕಿ ಮೇಲೆ. ಯಾಕೆ?

ಬಿಲ್ಲೆ ಬೀರುವಾಕೆ, ತುಮಕೂರು:

ಈಗಲೇ ಎದ್ದು ಹೋಗಿ ಗಾಜಿಗೆ ಸುರಿಯಿರಿ. ಕಂದು ಬಣ್ಣದ ಗಾಜು, ಕಂಠದ ತನಕ ತುಂಬಿ, ತಣ್ಣನೆ ಕತ್ತಲಲ್ಲಿ ಇಡಿ. ಬಿಸಿಲು, ಗಾಳಿ ತಾಗಿದರೆ ಲಿನಲೂಲ್ ಕೆಡುತ್ತದೆ. ಕೆಟ್ಟ ಲಿನಲೂಲ್ ಚರ್ಮಕ್ಕೆ ತಾಗಿದರೆ ಕೆಲವರಿಗೆ ಅಲರ್ಜಿ. ನೆಲ ಒರೆಸುವವರ ಕೈಗೂ ಅದೇ ಮಾತು.

ತಪ್ಪಲು ತೋಟ, ಕೊರಟಗೆರೆ:

ನೋಡಿ ಬಂದೆ. ಮುಚ್ಚಳದ ಒಳಗಿನ ಬಿಲ್ಲೆ ಮೆತ್ತಗಾಗಿ ಉಗುರಿಗೆ ಅಂಟುತ್ತಿದೆ. ಹಳೇ ಟಾನಿಕ್ ಬಾಟಲಿ ನಾಲ್ಕು ಸಿಕ್ಕವು, ತೊಳೆದು ಒಣಗಿಸಿ ತುಂಬಿದ್ದೇನೆ. ಮಗನನ್ನು ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಮನೆಯವರು ನೆಲಕ್ಕೆ ಹಾಕುವುದನ್ನು ಮಾತ್ರ ಬಿಡಲ್ಲವಂತೆ. ಕ್ರಿಮಿ ಸತ್ತರೆ ಸಾಯಲಿ, ಬಿಟ್ಟರೆ ಬಿಡಲಿ, ನೊಣ ಕಡಿಮೆ ಆಗಿದೆ ಅನ್ನುತ್ತಾರೆ.

ಬೋರ್‌ವೆಲ್ ಭಕ್ತ, ಬಂಗಾರಪೇಟೆ:

ನಮ್ಮ ಮನೆಗೂ ಒಂದು ಬಾಟಲಿ ಕಳಿಸಿ. ಲೇಬಲ್ ಬೇಡ.